ಬುಟ್ಟಿಗೆ ಹೋದ ಸೆರಗು

ವನಮಾಲಾ ಒಂದು ಕಡೆ ಕೂತ ಜೀವವಲ್ಲ. ಸಾಂತಾಕ್ರೂಜಿನ ಆ ಎರಡು ಕೋಣೆಯ ಮನೆಯಲ್ಲಿ ಕೂರಲು ಜಾಗವಾದರೂ ಎಲ್ಲಿತ್ತು ಅನ್ನಿ, ಇದ್ದಿದ್ದರೂ ಕೂರುತ್ತಿರಲಿಲ್ಲ. ಆಫೀಸಿಗೆಂದು ಮೆಟ್ಟಿಲಿಳಿದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಹತ್ತಬೇಕು, ಆರಿಯೇ ಇದ್ದ ಒಲೆಯನ್ನು ಮುಟ್ಟಿ ನೋಡಿ ಮತ್ತೆ ಇಳಿಯಬೇಕು. ರಸ್ತೆಯ ತಿರುವಿನಲ್ಲಿ ಬೀಗದ ಯೋಚನೆ. ಅತ್ತೆ ಮನೆಯಲ್ಲೇ ಇದ್ದಾರೆ, ಬೀಗ ಹಾಕುವ ಮಾತೇ ಇಲ್ಲ ಎಂಬುದು ಹತ್ತು ಹೆಜ್ಜೆ ವಾಪಸು ಬಂದ ಮೇಲೆ ನೆನಪಾಗುತ್ತಿತ್ತು. ಗಂಡ ಜಯಸಿಂಹ ಬ್ಯಾಂಕಿನವನು, ನಿಧಾನಸ್ಥ. "ನಿನ್ನ ತಲೆಗೇ ಒಂದು ಬೀಗ ಹಾಕಿಸ್ಬೇಕು ಕಣೆ" ಎಂದು ನಗುತ್ತಿದ್ದ. ನಕ್ಕು ಅವನು ಮಲಗಿಬಿಡುತ್ತಿದ್ದ, ಅವಳಿಗೆ ಅದೂ ಆಗುತ್ತಿರಲಿಲ್ಲ.

ಮೈಸೂರಿನ ಒಂಟಿಕೊಪ್ಪಲಿನ ಹುಡುಗಿ, ಗಣಿತದಲ್ಲಿ ಬಿ.ಎಸ್ಸಿ. ಮದುವೆಯಾಗಿ ಮುಂಬಯಿಗೆ ಬಂದಾಗ ಎಂಬತ್ತಮೂರನೆಯ ಇಸವಿ. ಸುಮ್ಮನೆ ಕೂರಲಾರದೆ ದಾದರಿನ ಒಂದು ಕ್ಲಾಸಿಗೆ ಸೇರಿ ಕಂಪ್ಯೂಟರ್ ಕಲಿತಳು. ಆಮೇಲೆ ಸಾಂತಾಕ್ರೂಜ್ ಸ್ಟೇಷನ್ನಿನ ಎದುರು, ಒಂದು ಹೋಟೆಲಿನ ಮೇಲಿದ್ದ ಸತ್ಯಮೂರ್ತಿಯವರ ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ಕಂಪೆನಿ ಎಂದರೆ ನಾಲ್ಕು ಮೇಜು, ಕೆಳಗಿನಿಂದ ಇಡೀ ದಿನ ಬರುವ ವಡಾ ಕರಿಯುವ ವಾಸನೆ. ಸಣ್ಣ ಕಾರ್ಖಾನೆಗಳಿಗೆ ಬೇಕಾದ ಪ್ರೋಗ್ರಾಮುಗಳನ್ನು ಅಲ್ಲಿ ಬರೆಯುತ್ತಿದ್ದರು. ಈ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಗ್ಯಾಸ್ ಆರಿದೆಯೇ ಎಂದು ಮೂರು ಸಲ ನೋಡುವವರನ್ನು ಮನೆಯಲ್ಲಿ ಬೈಯುತ್ತಾರೆ, ಕಂಪ್ಯೂಟರ್ ಕಂಪೆನಿಯಲ್ಲಿ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ.

ತೊಂಬತ್ತೊಂದರ ಕೊನೆಗೆ ಅವರಿಗೆ ಒಬ್ಬ ಗಿರಾಕಿ ಸಿಕ್ಕಿದ, ಶೆಟ್ಟೆಪ್ಪ. ರಬಕವಿ ಕಡೆಯವನು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವನದೊಂದು ಗಾಲಾ, ಅಂದರೆ ಕಬ್ಬಿಣದ ಶಟರಿನ ಉದ್ದನೆಯ ಕಾರ್ಖಾನೆ ಕೋಣೆ. ಅಲ್ಲಿ ಸೀರೆಯ ಅಂಚು, ಸೆರಗುಗಳ ನಕ್ಷೆ ತಯಾರಾಗಿ, ಆ ನಕ್ಷೆಯಂತೆ ತೂತು ಹೊಡೆದ ರಟ್ಟುಗಳು ಭಿವಂಡಿಯ ಮಗ್ಗಗಳಿಗೆ ಹೋಗುತ್ತಿದ್ದವು. ಶೆಟ್ಟೆಪ್ಪ ಹೊಸತನ್ನು ಕಂಡರೆ ಬಿಡುವವನಲ್ಲ. ನಕ್ಷೆ ಬಿಡಿಸಲು ಒಂದು ಮ್ಯಾಕಿಂಟಾಷ್ ತಂದ. ರಟ್ಟಿಗೆ ತೂತು ಹೊಡೆಯುವ ಯಂತ್ರವನ್ನು ನಡೆಸಲು ಒಂದು ಪಿ.ಸಿ.; ಆಫೀಸಿನ ದಾಸ್ತಾನಿನ ಲೆಕ್ಕಕ್ಕೆ ಯಾರೋ ಮಾರಿದ ಒಂದು ಯೂನಿಕ್ಸ್ ಯಂತ್ರ. ಮೂರಕ್ಕೂ ತಂತಿ ಎಳೆಸಿದ. ಮೂರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದ ಮೂರು ಸೊಸೆಯರಂತೆ ಒಂದೇ ಮನೆಯಲ್ಲಿ ಕೂತವು.

ತಕರಾರು ಶುರುವಾದದ್ದು ಅಳಿಸುವುದರಿಂದ. ಯೂನಿಕ್ಸಿನಲ್ಲಿ ಒಂದು ಫೈಲನ್ನು ಅಳಿಸಿದರೆ ಅದು ಆ ಕ್ಷಣವೇ ಹೋಯಿತು, ಮತ್ತೆ ಸಿಗದು. ಪಿ.ಸಿ.ಯಲ್ಲಿ ಅಳಿಸಿದರೆ ಹೆಸರಿನ ಮೊದಲ ಅಕ್ಷರ ಮಾತ್ರ ಒರೆಸಿಹೋಗಿ, ಮೈ ಹಾಗೆಯೇ ಡಿಸ್ಕಿನಲ್ಲಿ ಬಿದ್ದಿರುತ್ತದೆ. ಆ ಜಾಗಕ್ಕೆ ಬೇರೊಂದು ಫೈಲು ಬಂದು ಕೂರುವ ತನಕ ಹುಡುಕಿ ತೆಗೆಯಬಹುದು. ಮ್ಯಾಕಿನದು ಇನ್ನೊಂದು ರೀತಿ. ಪರದೆಯ ಮೂಲೆಯಲ್ಲಿ ಒಂದು ಕಸದ ಬುಟ್ಟಿಯ ಚಿತ್ರ, ಬೇಡದ್ದನ್ನು ಎಳೆದು ಅದರೊಳಗೆ ಬಿಡಬೇಕು. ಬುಟ್ಟಿ ಉಬ್ಬುತ್ತದೆ. ಮನುಷ್ಯನೊಬ್ಬ ಬಂದು 'ಖಾಲಿ ಮಾಡು' ಎನ್ನುವ ತನಕ ಒಳಗಿನದು ಎಷ್ಟು ದಿನವಾದರೂ ಅಲ್ಲೇ ಇರುತ್ತದೆ.

"ಒಂದರಾಗ ಹೋಗ್ತೈತಿ, ಒಂದರಾಗ ಉಳೀತೈತಿ, ಒಂದರಾಗ ಹೋತೋ ಉಳೀತೋ ದೇವರಿಗೇ ಗೊತ್ತು. ಇದೆಂಥಾ ಧಂದಾ ರೀ?" ಎಂದು ಶೆಟ್ಟೆಪ್ಪ ಫೋನಿನಲ್ಲಿ ಕೂಗಾಡಿದ. ಮೂರಕ್ಕೂ ಒಂದೇ ನಿಯಮ ಮಾಡಿಕೊಡಿ ಎಂದು ಸತ್ಯಮೂರ್ತಿ ಆ ಕೆಲಸವನ್ನು ವನಮಾಲಾಳ ತಲೆಗೆ ಕಟ್ಟಿದರು.

ಅವಳಿಗೆ ನಿಯಮ ಸಿಕ್ಕಿದ್ದು ಮನೆಯಲ್ಲಿ. ಅತ್ತೆ ಸುಬ್ಬಲಕ್ಷ್ಮಿ ಮುಂಬಯಿಗೆ ಬಂದರೂ ಮೈಸೂರನ್ನು ಬಿಟ್ಟವರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೂ ಹೊರಗೆ ಹಾಕುವಂತಿಲ್ಲ, ಲಕ್ಷ್ಮಿ ಹೋಗುತ್ತಾಳೆ. ಗುಡಿಸಿದ್ದನ್ನು ಬಾಗಿಲ ಮೂಲೆಗೆ ಒತ್ತಿಡಬೇಕು, ಬೆಳಗಾದ ಮೇಲೆ ಆಚೆ ಹಾಕಬೇಕು. ದಿನಾ ಎಡವಿ ಬೈದುಕೊಳ್ಳುತ್ತಿದ್ದ ಆ ಕಸದ ಗುಪ್ಪೆಯನ್ನು ಒಂದು ಸಂಜೆ ವನಮಾಲಾ ನಿಂತು ನೋಡಿದಳು. ಇದೇ ಸರಿ ಅನ್ನಿಸಿತು. ಯಾವ ಯಂತ್ರದಲ್ಲಿ ಯಾರು ಏನನ್ನೇ ಅಳಿಸಲಿ, ಅದು ಒಂದು ಮೂಲೆಗೆ ಹೋಗಿ ಕೂರಲಿ. ಮರುದಿನ ಬೆಳಿಗ್ಗೆ ಯಂತ್ರ ಎದ್ದ ಕೂಡಲೇ ಆ ಮೂಲೆ ತಾನೇ ಸ್ವಚ್ಛವಾಗಲಿ. ತಪ್ಪಾಗಿ ಅಳಿಸಿದವರಿಗೆ ಒಂದು ಇರುಳಿನ ಗಡುವು, ಡಿಸ್ಕಿಗೂ ಜಾಗದ ತೊಂದರೆಯಿಲ್ಲ. ಪ್ರೋಗ್ರಾಮಿಗೆ 'ಮೂಲೆ' ಎಂದೇ ಹೆಸರಿಟ್ಟಳು. ಮ್ಯಾಕಿನ ಬುಟ್ಟಿಯೂ ಈ ನಿಯಮಕ್ಕೆ ಒಳಪಟ್ಟಿತು. ಅದಕ್ಕೆ ಅದರದೇ ಒಂದು ಪದ್ಧತಿ ಇದೆಯಲ್ಲ, ಅದನ್ನು ಅದರ ಪಾಡಿಗೆ ಬಿಡೋಣವೇ ಎಂದು ಅರೆಗಳಿಗೆ ಅನ್ನಿಸಿದ್ದೂ ನಿಜ. ಆದರೆ ಮೂರಕ್ಕೂ ಒಂದೇ ನಿಯಮ ಎಂಬ ಅಂದಕ್ಕೆ ಅವಳು ಮರುಳಾಗಿದ್ದಳು. ತನ್ನ ಜನ್ಮದಲ್ಲಿ ಮೊದಲ ಸಲ, ಮಾಡಿದ ಕೆಲಸವನ್ನು ತಿರುಗಿ ನೋಡದೆ ಮನೆಗೆ ಹೋದಳು.

ಶೆಟ್ಟೆಪ್ಪನ ಗಾಲಾದಲ್ಲಿ ನಕ್ಷೆ ಬಿಡಿಸುತ್ತಿದ್ದವನು ಗದಿಗೆಪ್ಪ. ಅರವತ್ತರ ಹತ್ತಿರದ ಮನುಷ್ಯ, ಇಳಕಲ್ಲಿನವನು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಚೌಕುಳಿ ಹಾಳೆಯ ಮೇಲೆ ಮನೆ ಮನೆ ತುಂಬಿ ಅಂಚು ಬಿಡಿಸುವುದರಲ್ಲೇ ಕಣ್ಣು ಸವೆಸಿದವನು. ಈಗ ಎರಡೂ ಕಣ್ಣಿಗೆ ಪೊರೆ ಬಂದು ಹಾಳೆಯ ಗೆರೆ ಕಾಣುತ್ತಿರಲಿಲ್ಲ. ಶೆಟ್ಟೆಪ್ಪ ಅವನನ್ನು ಊರಿಗೆ ಕಳಿಸುವ ಮಾತಾಡುತ್ತಿದ್ದಾಗಲೇ ಮ್ಯಾಕ್ ಬಂತು. ಅದರಲ್ಲಿ ಚೌಕುಳಿಯನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಗದಿಗೆಪ್ಪ ಗಾಜಿಗೆ ಮೂಗು ತಾಗಿಸಿಕೊಂಡು ಕೂತು ಮತ್ತೆ ಬಿಡಿಸತೊಡಗಿದ. ಕೆಲಸ ಸಾಗಿದ್ದನ್ನು ಕಂಡು ಶೆಟ್ಟೆಪ್ಪ ಒಂದು ಮಾತು ಕೊಟ್ಟ: ದಾದರಿನ ಸೀರೆ ಅಂಗಡಿಯವರಿಗೆ ಒಂದು ಹೊಸ ಸೆರಗು ಬೇಕು, ಅವರು ಒಪ್ಪಿದರೆ ಕುರ್ಚಿ ಗದಿಗೆಪ್ಪನದೇ, ಪರೇಲಿನ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ನೂ ತನ್ನದೇ ಖರ್ಚು.

ಸೆರಗು ಏಳಲು ತಿಂಗಳು ಹಿಡಿಯಿತು. ಕತ್ತಿಗೆ ಕತ್ತು ಹೊಸೆದುಕೊಂಡ ಹಂಸಗಳ ಸಾಲು, ಕೆಳಗೆ ನೀರಿನ ಅಲೆ, ಮೇಲೆ ಇಳಕಲ್ಲಿನ ಚಿಕ್ಕಿ ಪರಾಸದ ಅಂಚು. ಯಾವುದೂ ಕಾಗದದ ಮೇಲಿರಲಿಲ್ಲ, ಇದ್ದದ್ದೆಲ್ಲ ಆ ಗಾಜಿನ ಹಿಂದೆ. ಮುಗಿದ ನಕ್ಷೆಯನ್ನು ಮಾತ್ರ ಫ್ಲಾಪಿಗೆ ಇಳಿಸುವುದು ಅಲ್ಲಿನ ರೂಢಿ, ಅರ್ಧಂಬರ್ಧ ಕೆಲಸಕ್ಕೆ ಫ್ಲಾಪಿ ದಂಡವೆಂದು ಶೆಟ್ಟೆಪ್ಪನ ಕಟ್ಟಪ್ಪಣೆ.

ಫೆಬ್ರವರಿಯ ಒಂದು ಶನಿವಾರ ಸೆರಗು ಮುಗಿಯಿತು. ಫ್ಲಾಪಿಗೆ ಇಳಿಸುವ ಕೆಲಸ ಶೆಟ್ಟೆಪ್ಪನದು, ಅವನು ಅಂದು ಭಿವಂಡಿಗೆ ಹೋಗಿದ್ದ. ಗದಿಗೆಪ್ಪ ಕಾಯುವವನಲ್ಲ. ಧಣಿ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದನಲ್ಲ. ಮ್ಯಾಕಿನಲ್ಲಿ ಒಂದು ವಿಚಿತ್ರವಿತ್ತು: ಫ್ಲಾಪಿಯನ್ನು ಹೊರತೆಗೆಯಬೇಕೆಂದರೆ ಪರದೆಯ ಮೇಲಿನ ಅದರ ಚಿತ್ರವನ್ನು ಎಳೆದು ಅದೇ ಕಸದ ಬುಟ್ಟಿಗೆ ಹಾಕಬೇಕು. ಹಾಕಿದ ಕೂಡಲೇ ಯಂತ್ರದ ಬಾಯಿಂದ ಫ್ಲಾಪಿ ಹೊರಬಂದು ಕೈಗೆ ಸಿಗುತ್ತದೆ, ಅದರೊಳಗಿನದು ಏನೂ ಹೋಗುವುದಿಲ್ಲ. ಇದನ್ನು ಹತ್ತಾರು ಸಲ ನೋಡಿದ ಗದಿಗೆಪ್ಪನಿಗೆ ಬುಟ್ಟಿ ಎಂದರೆ ಮಾಲು ಹೊರಗೆ ಕಳಿಸುವ ಬಾಗಿಲು. ಸೆರಗನ್ನು ಎಳೆದು ಬುಟ್ಟಿಗೆ ಬಿಟ್ಟ. ಕೈಗೆ ಏನೂ ಬರಲಿಲ್ಲ. ತಂತಿ ಇದೆಯಲ್ಲ, ಆಚೆ ಕೋಣೆಯ ರಟ್ಟಿನ ಯಂತ್ರಕ್ಕೆ ನೇರ ಹೋಗಿರಬೇಕು ಅಂದುಕೊಂಡ. ಟೋಪಿ ತಲೆಗಿಟ್ಟು ಸಮಾಧಾನದಿಂದ ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ಮ್ಯಾಕ್ ಎದ್ದಿತು. ಮೂಲೆ ಸ್ವಚ್ಛವಾಯಿತು.

"ಬಾಯಾರ, ನಮ್ಮ ಸೆರಗು ಎಲ್ಲೈತಿ? ಬುಧವಾರ ದಾದರಿನ ಪಾರ್ಟಿ ಬರ್ತೈತಿ," ಎಂದು ಶೆಟ್ಟೆಪ್ಪನ ಫೋನು ಬಂದಾಗ ವನಮಾಲಾ ಆಗತಾನೆ ಆಫೀಸಿಗೆ ಬಂದು ಇನ್ನೂ ಚಪ್ಪಲಿ ಮೆಟ್ಟಿಯೇ ಇದ್ದಳು. ಏನಾಯಿತೆಂದು ಕೇಳಿ ತಿಳಿದುಕೊಂಡಳು. "ಯಾರೂ ಅದನ್ನ ಮುಟ್ಟಬೇಡಿ. ಒಂದಕ್ಷರ ಟೈಪ್ ಮಾಡಬೇಡಿ. ಬಂದೆ," ಎಂದಳು. ಕಳೆದ ಫೈಲು ಹುಡುಕುವ ಪ್ರೋಗ್ರಾಮಿನ ಫ್ಲಾಪಿಯನ್ನು ಬ್ಯಾಗಿಗೆ ತುರುಕಿ ಬೋರಿವಲಿ ಲೋಕಲ್ ಹಿಡಿದಳು. ಆ ಹೊತ್ತಿಗೆ ಜನವೆಲ್ಲ ಚರ್ಚ್‌ಗೇಟಿನ ಕಡೆ ಹೋಗುವುದರಿಂದ ಲೇಡೀಸ್ ಡಬ್ಬಿಯಲ್ಲಿ ಬೇಕಾದಷ್ಟು ಸೀಟಿತ್ತು. ಅವಳು ಬಾಗಿಲ ಕಂಬ ಹಿಡಿದು ನಿಂತೇ ಹೋದಳು. ಅಂಧೇರಿಯಲ್ಲಿ ಗಾಡಿ ಸುಮ್ಮನೆ ನಿಂತಾಗ ಇಳಿದು ಓಡಿಬಿಡೋಣ ಅನ್ನಿಸಿತು.

ಗಾಲಾದಲ್ಲಿ ಗದಿಗೆಪ್ಪ ಕುರ್ಚಿ ಬಿಟ್ಟು ಗೋಡೆಗೆ ಒರಗಿ ಕೂತಿದ್ದ. ಅವಳು ಮ್ಯಾಕಿನ ಮುಂದೆ ಕೂತು ಡಿಸ್ಕನ್ನು ಇಂಚಿಂಚು ತಡಕಿದಳು. ಮಧ್ಯಾಹ್ನದ ಹೊತ್ತಿಗೆ ಸೆರಗಿನ ತಲೆ ಸಿಕ್ಕಿತು. ಮೊದಲ ಹಂಸ ಬಂತು, ಎರಡನೆಯದು ಬಂತು. ಮೂರನೆಯದರ ಕತ್ತು ಅರ್ಧಕ್ಕೆ ನಿಂತು ಮುಂದೆ ಎಲ್ಲ ಕಲಸುಮೇಲೋಗರ. ಆ ಜಾಗದಲ್ಲಿ ಯಾವುದೋ ಬೇರೆ ಫೈಲು ಬಂದು ಕೂತಿದೆ. ಯಾರೂ ಮುಟ್ಟಿಲ್ಲವೆಂದಮೇಲೆ ಇದ್ಯಾವುದು ಎಂದು ಅಲ್ಲಿನ ಅಕ್ಷರಗಳನ್ನು ತೆಗೆಸಿ ಓದಿದಳು. 'ಮೂಲೆ ಸ್ವಚ್ಛ ಮಾಡಲಾಗಿದೆ' ಎಂದಿತ್ತು. ದಿನಾ ಬೆಳಿಗ್ಗೆ ಕಸ ಹಾಕಿದ ಮೇಲೆ ಹಾಗೆಂದು ಬರೆದಿಡುವಂತೆ ಅವಳೇ ಮಾಡಿದ್ದ ಏರ್ಪಾಡು ಅದು. ಅಷ್ಟು ದೊಡ್ಡ ಡಿಸ್ಕಿನಲ್ಲಿ ಆ ಬರಹ ಹುಡುಕಿಕೊಂಡು ಹೋಗಿ ಹಂಸಗಳ ಮೇಲೇ ಕೂತಿತ್ತು.

ವನಮಾಲಾಳ ಕಿವಿ ಬಿಸಿಯಾಯಿತು. ಯಂತ್ರದ ಅಕ್ಷರಗಳ ರಾಶಿಯಲ್ಲಿ ಅದನ್ನು ಗುರುತಿಸಬಲ್ಲವರು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಸಿಕ್ತೇನ್ರೀ?" ಎಂದ ಶೆಟ್ಟೆಪ್ಪ.

"ಸ್ವಲ್ಪ ಸಿಕ್ಕಿದೆ. ಮಿಕ್ಕಿದ್ದು ಸಿಗಲ್ಲ."

ಶೆಟ್ಟೆಪ್ಪ ಏನೋ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಗದಿಗೆಪ್ಪ ಗೋಡೆ ಹಿಡಿದು ಎದ್ದ. "ಬಾಯಾರಿಗೆ ಯಾಕ ಅಂತೀರಿ ಸಾವಕಾರ. ಬುಟ್ಟ್ಯಾಗ ಹಾಕಿದಂವ ನಾನು. ಕಣ್ಣು ಮೊದಲ ಹೋಗಿದ್ವು, ಈಗ ಕೈನೂ ಹೋತು, ತಲಿನೂ ಹೋತು," ಎಂದ. ಮುಂದಿನ ವಾರ ಊರಿಗೆ ಹೋಗುತ್ತೇನೆ, ಪರೇಲಿನ ಆಸ್ಪತ್ರೆಗೆ ಬರುವುದಿಲ್ಲವೆಂದು ಹೇಳಿಕಳಿಸಿ ಎಂದೂ ಸೇರಿಸಿದ. ಶೆಟ್ಟೆಪ್ಪ ಬೇಡವೆನ್ನಲಿಲ್ಲ. ವನಮಾಲಾಳ ನಾಲಿಗೆ ತುದಿಗೆ ಮಾತು ಬಂತು. ಅಲ್ಲೇ ನಿಂತಿತು.

ಸಂಜೆ ಆಫೀಸಿನಲ್ಲಿ ಸತ್ಯಮೂರ್ತಿಯವರಿಗೆ ಎಲ್ಲ ಹೇಳಿದಳು. ಮ್ಯಾಕನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸೆರಗು ಇವತ್ತಿಗೂ ಬುಟ್ಟಿಯಲ್ಲೇ ಇರುತ್ತಿತ್ತು, ಎಳೆದು ಈಚೆ ಹಾಕಿದ್ದರೆ ಮುಗಿದುಹೋಗುತ್ತಿತ್ತು ಎಂದಳು. ಅವರು ಚಹಾ ಕುಡಿಯುತ್ತ ಕೇಳಿಸಿಕೊಂಡರು. ಕೆಟ್ಟವರಲ್ಲ, ನಾಲ್ಕು ಮೇಜಿನ ಯಜಮಾನರು.

"ಬುಟ್ಟಿಗೆ ಹಾಕಿದ್ದು ಯಾರು? ಅವ್ರೇ ತಾನೆ? ಒಂದೇ ರೂಲ್ ಬೇಕು ಅಂತ ಕೂಗಾಡಿದ್ದು ಯಾರು? ಅದೂ ಅವ್ರೇ. ನೀವ್ಯಾಕಮ್ಮ ಮೈಮೇಲೆ ಎಳ್ಕೊಳ್ತೀರಿ? ಬಾಯಿ ಬಿಟ್ರೆ ಮೂರು ಮಿಷನ್ನಿಂದಲೂ ನಮ್ಮನ್ನ ಕಿತ್ತು ಹಾಕ್ತಾನೆ ಆ ಮನುಷ್ಯ. ಒಂದೆರಡು ದಿನ ಸುಮ್ನಿರಿ, ತಣ್ಣಗಾಗತ್ತೆ."

ಸುಮ್ಮನಿರುವ ವಿದ್ಯೆ ವನಮಾಲಾಳಿಗೆ ಗೊತ್ತಿದ್ದರೆ ಈ ಕತೆಯೇ ಬೇಕಿರಲಿಲ್ಲ. ಮಂಗಳವಾರ ಇಡೀ ದಿನ ಬೆಂಕಿ ತುಳಿದವಳಂತೆ ಓಡಾಡಿದಳು. ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ. ಊಟದ ಡಬ್ಬಿ ತೆರೆದು ಮುಚ್ಚಿದಳು. ಕಾಂದಿವಲಿಯ ನಂಬರನ್ನು ತಿರುಗಿಸಿ, ಆಚೆಯಿಂದ ಗಂಟೆ ಕೇಳಿದೊಡನೆ ಇಟ್ಟುಬಿಟ್ಟಳು. ಆ ಮುದುಕ ಗೋಡೆ ಹಿಡಿದು ಎದ್ದದ್ದು ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಂಜೆ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತವಳು ಕಲ್ಲು ಬಿಟ್ಟು ಅಕ್ಕಿಯನ್ನೇ ಎತ್ತಿ ಎಸೆಯುತ್ತಿದ್ದಳು. ಸುಬ್ಬಲಕ್ಷ್ಮಿ ಮೊರವನ್ನು ಕಿತ್ತುಕೊಂಡು, ಏನಾಗಿದೆ ನಿನಗೆ ಎಂದು ಗದರಿದರು. ಹೇಳಿದಳು. ನಿಮ್ಮ ಮೂಲೆಯ ಕಸದಿಂದಲೇ ನನಗೆ ಈ ಬುದ್ಧಿ ಬಂದದ್ದು ಎಂಬುದನ್ನೂ, ಸ್ವಲ್ಪ ಅತ್ತೆಯ ಮೇಲೆ ಹಾಕುವ ಹಾಗೆಯೇ, ಹೇಳಿದಳು.

"ಚೆನ್ನಾಗಿದೆ. ನನ್ನ ತಲೆಗೆ ಕಟ್ಟು," ಎಂದರು ಸುಬ್ಬಲಕ್ಷ್ಮಿ. "ಬೆಳಗ್ಗೆ ಎದ್ದು ಕಣ್ಣು ಮುಚ್ಕೊಂಡು ಎಸೀತೀನೇನೇ ನಾನು? ಬೆಳಕಲ್ಲಿ ಕೈಯಾಡಿಸಿ ನೋಡಿ ಆಮೇಲೆ ಎತ್ತಿ ಹಾಕ್ತೀನಿ. ನಿನ್ನ ಮೂಗುಬೊಟ್ಟಿನ ತಿರುಪು ಸಿಕ್ಕಿದ್ದು ಹೇಗೆ ಹೋದ ವರ್ಷ? ನಿನ್ನ ಮಿಷನ್‌ನಲ್ಲಿ ನೋಡೋರು ಯಾರು?"

ವನಮಾಲಾ ತಾನೆಸೆದ ಅಕ್ಕಿಕಾಳುಗಳನ್ನು ನೆಲದಿಂದ ಹೆಕ್ಕತೊಡಗಿದಳು. ಬೆಳಗಾಗುವುದನ್ನು ಅವಳು ಪ್ರೋಗ್ರಾಮಿಗೆ ಕಲಿಸಿದ್ದಳು. ನೋಡುವುದನ್ನು ಕಲಿಸಿರಲಿಲ್ಲ, ಕಲಿಸುವುದು ಸಾಧ್ಯವೂ ಇರಲಿಲ್ಲ. ಅದಕ್ಕೊಬ್ಬ ಮನುಷ್ಯ ಬೇಕು ಎಂದು ಆ ಮ್ಯಾಕನ್ನು ಮಾಡಿದವರು ಬಿಟ್ಟಿದ್ದ ಜಾಗವನ್ನೇ ಅವಳು ಮುಚ್ಚಿಹಾಕಿದ್ದಳು.

ಬುಧವಾರ ಆಫೀಸಿಗೆ ಹೋಗಲಿಲ್ಲ. ನೇರ ಕಾಂದಿವಲಿಗೆ ಹೋದಳು. ಗ್ಯಾಸ್ ನೋಡಲು ಅಂದು ವಾಪಸು ಹತ್ತಲಿಲ್ಲ.

ಗಾಲಾದಲ್ಲಿ ಶೆಟ್ಟೆಪ್ಪ ಪಾರ್ಟಿಗೆ ಏನು ತೋರಿಸುವುದೆಂದು ತಲೆಯ ಮೇಲೆ ಕೈ ಹೊತ್ತಿದ್ದ. ಗದಿಗೆಪ್ಪ ತನ್ನ ಪೆನ್ಸಿಲುಗಳನ್ನು, ಹಳೆಯ ಹಾಳೆಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದ. ವನಮಾಲಾ ನಿಂತ ಕಾಲಲ್ಲೇ ಹೇಳಿದಳು. ಇಬ್ಬರಿಗೂ ಅರ್ಥವಾಗುವ ಹಾಗೆ, ಮೊದಲಿಂದ ಕೊನೆಯವರೆಗೆ, ತನ್ನ ಬರಹ ಹಂಸಗಳ ಮೇಲೆ ಕೂತದ್ದನ್ನೂ ಬಿಡದೆ.

"ಗದಿಗೆಪ್ಪನವರೇ, ನೀವು ಹಾಕಿದ ಜಾಗ ತಪ್ಪು, ಅಷ್ಟೇ. ಹಾಕಿದ್ದು ಹೋಗ್ತಿರಲಿಲ್ಲ. ಈ ಮಿಷನ್ ಅದನ್ನ ಕಾಯ್ಕೊಂಡಿರ್ತಿತ್ತು. ಹಾಳು ಮಾಡಿದ್ದು ನಾನು."

ಶೆಟ್ಟೆಪ್ಪ ಎದ್ದು ನಿಂತ. "ಅಂದ್ರ ನಾ ರೊಕ್ಕಾ ಕೊಟ್ಟು ಕಳ್ಳನ್ನ ಮನಿಯೊಳಗ ಇಟ್ಕೊಂಡೆ ಅನ್ರಿ. ನಿಮ್ಮ ಸತ್ಯಮೂರ್ತಿಗೆ ಹೇಳ್ರಿ, ಮೂರೂ ಮಿಷನ್ನಿಂದ ನಿಮ್ಮದೆಲ್ಲಾ ತಗೊಂಡು ನಡೀರಿ," ಎಂದ. ಅವಳು ತಲೆಯಾಡಿಸಿದಳು. ಕೆಲಸ ಹೋದ ಹಾಗೆಯೇ ಎಂದು ಗೊತ್ತಾಯಿತು. ಹೋಗಲಿ ಅನ್ನಿಸಿತು. ಅವಳ ಕಣ್ಣು ಇದ್ದದ್ದು ಗದಿಗೆಪ್ಪನ ಮೇಲೆ.

ಗದಿಗೆಪ್ಪ ಚೀಲವನ್ನು ಕೆಳಗಿಟ್ಟ. ಅವಳು ನಿಂತ ಕಡೆಗೆ, ಸ್ವಲ್ಪ ಪಕ್ಕಕ್ಕೆ, ನೋಡಿದ. "ಸೋಮವಾರ ಗೊತ್ತಿತ್ತ್ರೀ ನಿಮಗ ಇದು?"

"ಗೊತ್ತಿತ್ತು."

"ಎರಡು ದಿನದಿಂದ ನನ್ನ ಕೈಗೆ ನಾ ಬೈಕೋತ ಕುಂತೇನಿ. ಅನ್ನಾ ಉಣ್ಣುವಾಗೂ ಈ ಕೈ ನೋಡಿ ಬೈದೇನಿ. ಒಂದು ಮಾತು ಹೇಳಿದ್ರ ನಿಮ್ಮ ಗಂಟು ಹೋಗತಿತ್ತೇನ್ರೀ?"

ಅವಳಿಗೆ ಕಣ್ಣೀರು ಬಂತು. ಅದು ಅವನಿಗೆ ಕಾಣಲಿಲ್ಲ, ಕಂಡಿದ್ದರೂ ಅವನು ಕರಗುವ ಹಾಗಿರಲಿಲ್ಲ.

"ಮೊದಲ ನಿಮ್ಮದು ತಗೀರಿ ಅದರೊಳಗಿಂದ," ಎಂದ. "ನಾ ನೋಡ್ತಿರ್ಬೇಕು, ಹಂಗ ತಗೀರಿ."

ವನಮಾಲಾ ಮ್ಯಾಕಿನ ಮುಂದೆ ಕೂತಳು. ಗದಿಗೆಪ್ಪ ಅವಳ ಭುಜದ ಪಕ್ಕದಿಂದ ಬಗ್ಗಿ ಗಾಜಿಗೆ ಮುಖ ತಂದ. ಅವಳು 'ಮೂಲೆ'ಯನ್ನು ಎಳೆದು ಬುಟ್ಟಿಗೆ ಬಿಟ್ಟಳು. ಬುಟ್ಟಿ ಉಬ್ಬಿತು.

"ಉಬ್ಬೈತಿ. ಇನ್ನೂ ಒಳಗ ಐತಲ್ಲ?"

"ಇದೆ. ಖಾಲಿ ಮಾಡು ಅನ್ನೋವರೆಗೂ ಇರುತ್ತೆ."

"ಹಾಂ. ಈಗ ಮಾಡ್ರಿ."

ಖಾಲಿ ಮಾಡು ಎಂದಳು. ನಿಜವಾಗಿಯೂ ಮಾಡಲೇ, ಒಳಗೆ ಒಂದು ವಸ್ತು ಇದೆ ಎಂದು ಯಂತ್ರ ಕೇಳಿತು. ಎಷ್ಟು ದಿನಗಳ ತನ್ನ ಕೆಲಸ ಅದು, ಅವಳ ಬೆರಳು ಒಂದು ಗಳಿಗೆ ತಡೆಯಿತು. ಗದಿಗೆಪ್ಪ ಉಸಿರು ಬಿಡದೆ ನೋಡುತ್ತಿದ್ದ. ಅವಳು ಒತ್ತಿದಳು. ಬುಟ್ಟಿ ಸಪೂರವಾಯಿತು.

ಶೆಟ್ಟೆಪ್ಪ ಹಿಂದೆ ನಿಂತು ಗೊಣಗಿದ. ಆಮೇಲೆ ಫೋನಿನ ಕಡೆ ಹೋಗಿ ದಾದರಿನವರಿಗೆ ಇನ್ನು ಸ್ವಲ್ಪ ದಿನ ತಡೆದು ಬನ್ನಿ ಎಂದು ಹಿಂದಿಯಲ್ಲಿ ಸಬೂಬು ಹೇಳತೊಡಗಿದ. ಗದಿಗೆಪ್ಪ ಅದಕ್ಕೆ ಕಿವಿಗೊಡಲಿಲ್ಲ. ಚೀಲದಿಂದ ಬಟ್ಟೆಯ ತುಂಡೊಂದನ್ನು ತೆಗೆದು ಪರದೆಯ ಗಾಜನ್ನು ಎರಡು ಸಲ ಒರೆಸಿದ, ತನ್ನ ಬಲಗೈಯನ್ನೂ ಅದರಲ್ಲೇ ಒರೆಸಿಕೊಂಡ.

"ಏಳ್ರಿ ಬಾಯಾರ," ಎಂದ. "ಅದು ನನ್ನ ಕುರ್ಚಿ."